ಅಜ್ಜಿಯ ಕೈಗೆ ಸಿಗದ ಬೀಜ

ನಮ್ಮ ಅಜ್ಜಿ ಮಗುವಿಗೆ ನೀರು ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೂರುತ್ತಾಳೆ. ಕಾಲುಗಳ ನಡುವಿನ ತಗ್ಗೇ ಮಗುವಿನ ತೊಟ್ಟಿಲು. ನೆತ್ತಿಗೆ ಹರಳೆಣ್ಣೆ ತಟ್ಟಿ, ಹಂಡೆಯ ಬಿಸಿನೀರನ್ನು ಮೊದಲು ತನ್ನ ಕಾಲ ಮೇಲೆ ಸುರಿದುಕೊಂಡು ಬಿಸಿ ನೋಡುತ್ತಾಳೆ. ಆಮೇಲೆ ಕೈ ಓಡುತ್ತದೆ. ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದು. ಆ ಕೈ ಮುಟ್ಟದ ಜಾಗ ಮಗುವಿನ ಮೈಮೇಲೆ ಇರುವುದಿಲ್ಲ. ಚಿಂತಾಮಣಿ ಹತ್ತಿರದ ನನ್ನ ತವರೂರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕಲು ಅಜ್ಜಿಗೆ ಹೇಳಿಕಳಿಸುತ್ತಾರೆ.

ನನ್ನ ಮಗ ಹುಟ್ಟಿ ಎರಡು ವಾರ ಆಗಿತ್ತು. ನೀರು ಹಾಕುತ್ತಿದ್ದ ಅಜ್ಜಿಯ ಕೈ ಒಂದು ಕಡೆ ನಿಂತಿತು. ಮತ್ತೆ ಮುಟ್ಟಿ ನೋಡಿದಳು. "ಬಲಗಡೆ ಸಂಚಿ ಖಾಲಿ ಐತಲ್ಲಮ್ಮ" ಅಂದಳು. ಅಜ್ಜಿಗೆ ಸಂಚಿ ಅಂದರೆ ಸೊಂಟದಲ್ಲಿರುವ ಎಲೆಅಡಿಕೆ ಸಂಚಿ. ಅದೇ ಮಾತನ್ನು ಇಲ್ಲಿಗೂ ತಂದಿದ್ದಳು. ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದ ಅಮ್ಮ ತಕ್ಷಣ, "ಸುಮ್ನಿರಮ್ಮ, ಬಾಣಂತಿ ಮುಂದೆ ಏನೇನೋ ಹೇಳ್ಬೇಡ" ಅಂತ ಗದರಿಬಿಟ್ಟಳು. ಸಾಂಬ್ರಾಣಿ ಹೊಗೆ ಹಾಕಿದರು, ಮಗು ಮಲಗಿತು, ಮಾತು ಅಲ್ಲಿಗೇ ನಿಂತಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿ ಪಾಠ ಬರುತ್ತದೆ. ವೃಷಣಗಳು ಹೊಟ್ಟೆಯೊಳಗೆ ಇರುವುದಿಲ್ಲ, ಹೊರಗೆ ವೃಷಣಚೀಲದಲ್ಲಿ ಇರುತ್ತವೆ, ಯಾಕೆಂದರೆ ವೀರ್ಯಾಣು ಉತ್ಪತ್ತಿಗೆ ದೇಹದ ಉಷ್ಣತೆಗಿಂತ ಕಡಿಮೆ ಉಷ್ಣತೆ ಬೇಕು. ಈ ವಾಕ್ಯವನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಹುಡುಗರು ಒಬ್ಬರನ್ನೊಬ್ಬರು ತಿವಿಯುತ್ತಾರೆ, ಹುಡುಗಿಯರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ, ನಾನು ಮುಂದಿನ ಪ್ಯಾರಾಕ್ಕೆ ಹೋಗುತ್ತೇನೆ. ಆ ವಾಕ್ಯ ನನ್ನ ಮಗನ ಮೈಗೆ ಸಂಬಂಧಪಟ್ಟಿದ್ದು ಅಂತ ಬಾಣಂತನದ ಕೋಣೆಯಲ್ಲಿ ನನಗೆ ಹೊಳೆಯಲಿಲ್ಲ. ವೃಷಣ ಅನ್ನುವ ಮಾತು ತರಗತಿ ಬಿಟ್ಟು ಮನೆಗೆ ಬರುವುದಿಲ್ಲ. ಮನೆಯ ಮಾತು ಬೀಜ. ನಮ್ಮ ಕಡೆ ದಿನ ಬೆಳಗಾದರೆ ರಾಗಿ ಬೀಜ, ಹುರುಳಿ ಬೀಜ, ಬಿತ್ತನೆ ಬೀಜ ಅನ್ನುತ್ತಲೇ ಇರುತ್ತೇವೆ. ಮಗುವಿನ ವಿಷಯಕ್ಕೆ ಬಂದರೆ ಮಾತ್ರ ಅದೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆಸ್ಪತ್ರೆಯವರೂ ನೋಡಿರಲಿಲ್ಲ ಅಂತಲ್ಲ. ಎಷ್ಟೋ ದಿನದ ಮೇಲೆ ಡಿಸ್ಚಾರ್ಜ್ ಹಾಳೆ ತೆಗೆದು ನೋಡಿದಾಗ, ಕೆಳಗಡೆ ಒಂದು ಮೂಲೆಯಲ್ಲಿ "ಬಲ ಯುಡಿಟಿ" ಅಂತ ಇಂಗ್ಲಿಷಿನಲ್ಲಿ ಗೀಚಿತ್ತು. ಹೊಟ್ಟೆಯೊಳಗಿಂದ ಚೀಲಕ್ಕೆ ಇಳಿಯದ ಬೀಜಕ್ಕೆ ಡಾಕ್ಟರುಗಳು ಬಳಸುವ ಮೂರಕ್ಷರ. ಮಗು ತೋರಿಸಿ ಯಾರೂ ನಮಗೆ ಅದನ್ನು ಬಿಡಿಸಿ ಹೇಳಲಿಲ್ಲ. ಒಂದೇ ಒಂದು ಮಾತು, "ಆರು ತಿಂಗಳಿಗೆ ಮತ್ತೆ ತೋರಿಸಿಮ್ಮ" ಅಂದಿದ್ದರೆ ಸಾಕಾಗಿತ್ತು.

ಈ ಆರು ತಿಂಗಳ ಲೆಕ್ಕ ನನಗೆ ಈಗ ಬಾಯಿಪಾಠ. ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಎರಡರಿಂದ ನಾಲ್ಕು ಮಕ್ಕಳಿಗೆ ಒಂದೋ ಎರಡೋ ಬೀಜ ಇಳಿದಿರುವುದಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದವರಲ್ಲಿ ಇದು ಇನ್ನೂ ಜಾಸ್ತಿ, ನೂರಕ್ಕೆ 30ರವರೆಗೂ ಹೋಗಬಹುದು. ಇವರಲ್ಲಿ ಬಹಳಷ್ಟು ಮಕ್ಕಳಿಗೆ ಮೊದಲ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳು ದಾಟಿದ ಮೇಲೆ ಇಳಿಯುವುದು ತೀರಾ ಅಪರೂಪ. ಒಂದು ವರ್ಷದ ಹೊತ್ತಿಗೆ ನೂರು ಗಂಡುಮಕ್ಕಳಲ್ಲಿ ಸುಮಾರು ಒಬ್ಬನಿಗೆ ಮಾತ್ರ ಬೀಜ ಇಳಿಯದೆ ಉಳಿದಿರುತ್ತದೆ. ಅದಕ್ಕೇ ಆರು ತಿಂಗಳಿಗೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು, ಒಂದೂವರೆ ವರ್ಷದೊಳಗೆ ಆಪರೇಷನ್ ಮುಗಿದಿರಬೇಕು ಅನ್ನುತ್ತಾರೆ. ಅಮೆರಿಕದ ಯುರಾಲಜಿ (ಮೂತ್ರಾಂಗ ಚಿಕಿತ್ಸೆ) ಸಂಘ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಇದೇ ಇದೆ. ಬೇಗ ಹುಟ್ಟಿದ ಮಗುವಾದರೆ ಆರು ತಿಂಗಳನ್ನು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಬೇಕು.

ಇಂಜೆಕ್ಷನ್ ತಾರೀಖು ಬರೆಯುವ ನಮ್ಮ ‘ತಾಯಿ ಕಾರ್ಡ್’ ತೆಗೆದು ನೋಡಿ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರಕ್ಕೆ ಇಂಜೆಕ್ಷನ್. ಅದಾದ ಮೇಲೆ ನೇರ ಒಂಬತ್ತನೇ ತಿಂಗಳು. ಆರನೇ ತಿಂಗಳು ಸರಿಯಾಗಿ ಆ ಖಾಲಿ ಜಾಗದಲ್ಲಿ ಬೀಳುತ್ತದೆ. ಮಗುವನ್ನು ನರ್ಸ್ ಮುಂದೆಯೋ ಡಾಕ್ಟರ್ ಮುಂದೆಯೋ ಮಲಗಿಸಲು ಆಗ ಯಾವ ಕಾರಣವೂ ಇರುವುದಿಲ್ಲ. ಇಂಜೆಕ್ಷನ್ ದಿನವೂ ತೊಡೆ ತೋರಿಸಿದರೆ ಆಯ್ತು, ಚಡ್ಡಿ ಪೂರ್ತಿ ಬಿಚ್ಚಿ ಯಾರೂ ನೋಡುವುದಿಲ್ಲ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೂ ನಾವಾಗಿಯೇ ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾದೀತು.

ಆರನೇ ತಿಂಗಳಿಗೆ ನಾನು ಶಿಡ್ಲಘಟ್ಟಕ್ಕೆ ಬಂದು ಸ್ಕೂಲಿಗೆ ಸೇರಿದೆ. ನೀರು ಹಾಕುವ ಕೆಲಸ ಅತ್ತೆಗೆ ಬಂತು. ಒಂಬತ್ತನೇ ತಿಂಗಳ ಇಂಜೆಕ್ಷನ್ ಆದ ಸಂಜೆ ಮಗುವಿಗೆ ಜ್ವರ ಬಂದು ಹತ್ತಿರದ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿದ್ದ ಡಾಕ್ಟರ್ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿಸಿ ನೋಡಿದರು. ಅವರಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. "ಬಲಗಡೆದು ಇಳಿದಿಲ್ಲ, ಸರ್ಜನ್‌ಗೆ ತೋರಿಸಿ" ಅಂದರು. ನಾವು ಗಾಬರಿಯಲ್ಲಿ ಸರ್ಜನ್ ಹತ್ತಿರ ಹೋಗದೆ ಮೊದಲು ಸ್ಕ್ಯಾನಿಂಗ್ ಸೆಂಟರ್‌ಗೆ ಹೋದೆವು. ಸ್ಕ್ಯಾನ್ ಮಾಡಿಸಿಕೊಂಡೇ ಹೋದರೆ ಕೆಲಸ ಬೇಗ ಆಗುತ್ತದೆ ಅನ್ನುವುದು ನಮ್ಮ ಲೆಕ್ಕ. ಮಗು ಕಿರುಚಿತು, ಒದ್ದಾಡಿತು. ರಿಪೋರ್ಟಿನಲ್ಲಿ "ಬಲ ವೃಷಣ ಕಾಣಿಸುತ್ತಿಲ್ಲ" ಅಂತ ಬಂತು.

ಕಾಣಿಸುತ್ತಿಲ್ಲ ಅನ್ನುವುದು ಮನೆಗೆ ಬರುವಷ್ಟರಲ್ಲಿ "ಇಲ್ಲ" ಅಂತ ಆಗಿತ್ತು. ಅತ್ತೆ ದೇವರ ಮನೆ ಮುಂದೆ ಕೂತು ಅತ್ತರು. ಗ್ರಹಣದ ದಿನ ನಾನು ಹೊರಗೆ ಬಂದಿದ್ದೆನಾ, ಪರಂಗಿ ಹಣ್ಣು ತಿಂದಿದ್ದೆನಾ ಅಂತ ಒಂದೊಂದೇ ಕೇಳಿದರು. ಯಾರಿಗೂ ಹೇಳಬೇಡಿ, ಮುಂದೆ ಹುಡುಗನಿಗೆ ಹೆಣ್ಣು ಸಿಗಬೇಕು ಅಂದರು. ತೊಟ್ಟಿಲಲ್ಲಿ ಮಲಗಿದ್ದ ಹತ್ತು ತಿಂಗಳ ಕೂಸಿಗೆ! ನಮ್ಮ ಮನೆಯವರು ಎರಡು ದಿನ ಮಾತೇ ಆಡಲಿಲ್ಲ. ನಾನು ರಾತ್ರಿಯೆಲ್ಲ ಬಸಿರಿನ ಒಂಬತ್ತು ತಿಂಗಳನ್ನು ಹಿಂದಕ್ಕೆ ತಿರುಗಿಸಿ ತಪ್ಪು ಹುಡುಕುತ್ತಿದ್ದೆ. ಓದಿದವಳು ಅನ್ನುವುದು ಆ ರಾತ್ರಿಗಳಲ್ಲಿ ನೆರವಿಗೆ ಬರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ವಿಜಯಪುರ ದೇವನಹಳ್ಳಿ ದಾಟಿಕೊಂಡು ಬೆಂಗಳೂರಿಗೆ ಹೋದೆವು. ಮಕ್ಕಳ ಸರ್ಜನ್ ಒಬ್ಬರು ಹೆಂಗಸು, ಐವತ್ತರ ಆಸುಪಾಸು. ನಾನು ಸ್ಕ್ಯಾನ್ ಕವರ್ ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟು, "ಆಮೇಲೆ ನೋಡ್ತೀನಿ. ಮೊದಲು ಮಗು" ಅಂದರು. ಫ್ಯಾನ್ ಆರಿಸಿದರು. ಸಿಂಕಿನ ಹತ್ತಿರ ಹೋಗಿ ಬಿಸಿನೀರು ಬರುವವರೆಗೆ ನಲ್ಲಿ ಬಿಟ್ಟು, ಕೈ ಬೆಚ್ಚಗೆ ಮಾಡಿಕೊಂಡರು. ತಣ್ಣನೆ ಕೈ ತಗುಲಿದರೆ ಬೀಜ ಮೇಲಕ್ಕೆ ಓಡುತ್ತದಂತೆ. ಅದನ್ನು ಮೇಲೆಳೆಯುವ ಒಂದು ಸಣ್ಣ ಸ್ನಾಯು ಇದೆ. ಚಳಿಯಾದರೂ, ಹೆದರಿದರೂ, ತೊಡೆ ಸವರಿದರೂ ಅದು ಎಳೆದುಕೊಳ್ಳುತ್ತದೆ.

ಮಗುವಿನ ಬಟ್ಟೆ ಬಿಚ್ಚಿ ನನ್ನ ತೊಡೆ ಮೇಲೆ ಮಲಗಿಸಿದೆ. ಕಾಲು ಎರಡನ್ನೂ ಮಡಚಿ, ಕಪ್ಪೆ ಮಲಗಿದ ಹಾಗೆ ಅಗಲಿಸಿ ಹಿಡಿಯಲು ಹೇಳಿದರು. ಮುಟ್ಟಲಿಲ್ಲ. ಸುಮ್ಮನೆ ನೋಡಿದರು. ಎಡಗಡೆ ಚೀಲ ತುಂಬಿಕೊಂಡು ಸುಕ್ಕುಸುಕ್ಕಾಗಿತ್ತು, ಬಲಗಡೆ ಚಪ್ಪಟೆ. ಮೂತ್ರದ ರಂಧ್ರ ಸರಿಯಾದ ಜಾಗದಲ್ಲಿದೆಯಾ, ತೊಡೆಸಂದಿಯಲ್ಲಿ ಹರ್ನಿಯಾ ಊತ ಇದೆಯಾ ನೋಡಿದರು. ಎಡಗಡೆಯದನ್ನು ಬೆರಳಲ್ಲಿ ಅಳೆದರು. ಒಂದು ಕಡೆಯದು ಹುಟ್ಟುವ ಮೊದಲೇ ಕರಗಿಹೋಗಿದ್ದರೆ ಇನ್ನೊಂದು ವಯಸ್ಸಿಗೆ ಮೀರಿ ದೊಡ್ಡದಾಗಿರಬಹುದಂತೆ. ಇವನದು ಮಾಮೂಲಾಗಿತ್ತು.

ಆಮೇಲೆ ಬೆರಳ ತುದಿಗೆ ಸೋಪಿನ ನೀರು ಸವರಿಕೊಂಡರು. ಎಡಗೈಯನ್ನು ಸೊಂಟದ ಮೂಳೆಯ ಹತ್ತಿರ ಚಪ್ಪಟೆಯಾಗಿ ಇಟ್ಟು, ತೊಡೆಸಂದಿನ ಗೆರೆಯುದ್ದಕ್ಕೂ ನಿಧಾನವಾಗಿ ಕೆಳಗೆ ಜಾರಿಸಿದರು. ಬಲಗೈ ಕೆಳಗೆ ಕಾಯುತ್ತಿತ್ತು. ಒಂದು ಸಲ, ಏನೂ ಇಲ್ಲ. ಎರಡನೇ ಸಲ, ಮಗು ಅಳುವುದಕ್ಕೆ ಶುರು ಮಾಡಿತು. ಅತ್ತರೆ ಹೊಟ್ಟೆ ಬಿಗಿಯಾಗಿ ಏನೂ ಸಿಗುವುದಿಲ್ಲ. "ಹಾಲು ಕುಡಿಸಿ, ನನಗೇನೂ ಅವಸರ ಇಲ್ಲ" ಅಂದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಮಗು ಕುಡಿಯುತ್ತಾ ಮೈ ಸಡಿಲ ಬಿಟ್ಟಿತು. ಮೂರನೇ ಸಲ ಅವರ ಎಡಗೈ ಜಾರುತ್ತಾ ಬಂದು ಒಂದು ಕಡೆ ತಡೆದು ನಿಂತಿತು. ಬಚ್ಚಲಲ್ಲಿ ಅಜ್ಜಿಯ ಕೈ ನಿಂತ ಹಾಗೆಯೇ. "ಇಲ್ಲಿದೆ ನೋಡಿ" ಅಂದರು. ನನ್ನ ಬೆರಳನ್ನು ಹಿಡಿದು ಅಲ್ಲಿ ಇಟ್ಟರು. ಚರ್ಮದ ಅಡಿಯಲ್ಲಿ, ಹಿದುಕಿದ ಅವರೆಕಾಳಿನಷ್ಟು ಏನೋ ಒಂದು ಮೆತ್ತಗೆ ಜಾರಿತು. ಹಿಂದಿನ ರಾತ್ರಿಯಷ್ಟೇ ಮನೆಯಲ್ಲಿ ಹಿತಕವರೆ ಹಿದುಕಿದ್ದೆ. ಬೆರಳಿಗೆ ಆ ನೆನಪು ಇನ್ನೂ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಅದನ್ನು ಕೆಳಗೆ ತರಲು ನೋಡಿದರು. ಚೀಲದ ಬಾಯಿಯವರೆಗೆ ಬಂತು, ಬಿಟ್ಟ ತಕ್ಷಣ ಮೇಲೆ ಹೋಯಿತು. ಆಗ ಕೇಳಿದರು: "ಬಿಸಿನೀರು ಸ್ನಾನ ಮಾಡಿಸುವಾಗ ಯಾವತ್ತಾದ್ರೂ ಕೆಳಗೆ ಬಂದಿದ್ದು ನೋಡಿದೀರಾ?"

ನನಗೆ ಗೊತ್ತಿರಲಿಲ್ಲ. ಮಗುವಿಗೆ ನೀರು ಹಾಕಿದ್ದು ನಾನಲ್ಲವಲ್ಲ. ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿ ಅಂದರು ಡಾಕ್ಟರ್. ಅಜ್ಜಿ ಮೊದಲು ಹಿಂಜರಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು: "ಐದು ತಿಂಗ್ಳು ದಿನಾ ನೀರು ಹಾಕಿದೀನಿ ತಾಯಿ. ಎಡಗಡೆದು ಬಿಸಿನೀರು ಬಿದ್ದೇಟ್ಗೆ ಇಳೀತಿತ್ತು. ಬಲಗಡೆದು ಒಂದು ದಿನಾನೂ ಕೈಗೆ ಸಿಗ್ಲಿಲ್ಲ." ಡಾಕ್ಟರ್ ಅದನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡರು. ನಮ್ಮ ಅಜ್ಜಿಗೆ ಓದು ಬರುವುದಿಲ್ಲ. ಅವಳ ಮಾತು ಸರ್ಜನ್ ಕೈಬರಹದಲ್ಲಿ ಆ ಹಾಳೆಯ ಮೇಲೆ ಇದೆ.

ಆ ಪ್ರಶ್ನೆಗೆ ಯಾಕೆ ಅಷ್ಟು ತೂಕ ಅಂತ ಅವರೇ ಬಿಡಿಸಿ ಹೇಳಿದರು. ಕೆಲವು ಮಕ್ಕಳಲ್ಲಿ ಬೀಜ ಇಳಿದೇ ಇರುತ್ತದೆ, ಆ ಸಣ್ಣ ಸ್ನಾಯುವಿನ ಎಳೆತಕ್ಕೆ ಆಗಾಗ ಮೇಲೆ ಹೋಗುತ್ತದೆ ಅಷ್ಟೆ. ಬಿಸಿನೀರಿನಲ್ಲಿ, ನಿದ್ದೆಯಲ್ಲಿ ತಾನೇ ಕೆಳಗೆ ಬರುತ್ತದೆ. ಕೈಯಲ್ಲಿ ಕೆಳಗೆ ತಂದು ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಂಥ ಮಕ್ಕಳಿಗೆ ಆಪರೇಷನ್ ಬೇಡ. ವರ್ಷಕ್ಕೊಂದು ಸಲ ತೋರಿಸುತ್ತಿರಬೇಕು, ಯಾಕೆಂದರೆ ಬೆಳೆಯುತ್ತಾ ಕೆಲವರಲ್ಲಿ ಅದು ಮೇಲೆಯೇ ಉಳಿದುಬಿಡಬಹುದು. ನಮ್ಮವನದು ಹಾಗಲ್ಲ. ಬಿಟ್ಟರೆ ನಿಲ್ಲುತ್ತಿಲ್ಲ, ಬಿಸಿನೀರಿಗೂ ಇಳಿದಿಲ್ಲ.

ಸ್ಕ್ಯಾನ್ ಕವರನ್ನು ಕೊನೆಗೆ ತೆರೆದರು. ಬೈಯಲಿಲ್ಲ. ಕೈಗೆ ಸಿಗುವ ಬೀಜಕ್ಕೆ ಸ್ಕ್ಯಾನ್ ಬೇಡ, ಕೈಗೆ ಸಿಗದಿದ್ದರೆ ಸ್ಕ್ಯಾನ್ ಮಾತು ನಂಬುವ ಹಾಗಿಲ್ಲ ಅಂದರು. ಕೈಗೆ ಸಿಗದ ಬೀಜವನ್ನು ಅಲ್ಟ್ರಾಸೌಂಡ್ ನೂರರಲ್ಲಿ 45ರಷ್ಟು ಸಲ ಮಾತ್ರ ಪತ್ತೆ ಮಾಡುತ್ತದೆ ಅಂತ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ ನೋಡಿದವರು ಬರೆದಿದ್ದಾರೆ. ಹತ್ತರಲ್ಲಿ ಏಳೆಂಟು ಮಕ್ಕಳಿಗೆ ಬೀಜ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ, ಹೆಚ್ಚಾಗಿ ತೊಡೆಸಂದಿನಲ್ಲಿ. ಉಳಿದವರಿಗೆ ಹೊಕ್ಕುಳ ಹತ್ತಿರ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೇ ನೋಡುತ್ತಾರೆ. ಬೀಜಕ್ಕೆ ಹೋಗುವ ರಕ್ತನಾಳ ಎಲ್ಲಿ ಮುಗಿಯುತ್ತದೆ ಅಂತ ಹಿಂಬಾಲಿಸಿದರೆ ಉತ್ತರ ಸಿಗುತ್ತದೆ. ನಾಳ ಹೊಟ್ಟೆಯೊಳಗೇ ಬರಿದಾಗಿ ಕೊನೆಯಾದರೆ ಬೀಜ ಕರಗಿಹೋಗಿದೆ ಅಂತ. ತೊಡೆಸಂದಿನ ಕಡೆ ಹೊರಗೆ ಹೋಗಿದ್ದರೆ ಅಲ್ಲಿ ಹುಡುಕಬೇಕು. ಬೀಜ ಒಳಗೇ ಇದ್ದು ನಾಳ ಗಿಡ್ಡ ಇದ್ದರೆ, ಮೊದಲು ಆ ನಾಳವನ್ನು ಕಟ್ಟಿ, ಪಕ್ಕದ ಸಣ್ಣ ನಾಳಗಳು ಬಲಿಯಲು ಸುಮಾರು ಆರು ತಿಂಗಳು ಬಿಟ್ಟು, ಎರಡನೇ ಸಲ ಕೆಳಗೆ ತರುತ್ತಾರೆ. ಫೌಲರ್ ಮತ್ತು ಸ್ಟೀಫನ್ಸ್ ಅನ್ನುವ ಇಬ್ಬರು ಸರ್ಜನ್‌ಗಳ ಹೆಸರು ಈ ಕ್ರಮಕ್ಕಿದೆ.

ಇಷ್ಟೆಲ್ಲ ಹೇಳಿ ಒಂದು ವಿಷಯವನ್ನು ಅವರು ಒತ್ತಿ ಹೇಳಿದರು, ನಾನೂ ಇಲ್ಲಿ ಒತ್ತಿ ಬರೆಯುತ್ತೇನೆ. ಈಗ ತಾನೇ ಹುಟ್ಟಿದ ಮಗುವಿಗೆ ಎರಡೂ ಕಡೆ ಬೀಜ ಕೈಗೆ ಸಿಗದಿದ್ದರೆ ಆರು ತಿಂಗಳು ಕಾಯುವ ಮಾತೇ ಇಲ್ಲ. ಅದು ನಿಜಕ್ಕೂ ಹೆಣ್ಣುಮಗು ಆಗಿದ್ದು, ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಹೊರಗಿನ ಅಂಗ ಗಂಡಿನ ಹಾಗೆ ಬೆಳೆದಿರಬಹುದು. ಅಂಥ ಮಗುವಿಗೆ ಮೊದಲ ವಾರಗಳಲ್ಲೇ ದೇಹದ ಉಪ್ಪು ಸೋರಿಹೋಗಿ ಜೀವಕ್ಕೆ ಅಪಾಯ ಆಗಬಹುದು. ಆಸ್ಪತ್ರೆ ಬಿಡುವ ಮೊದಲೇ ರಕ್ತ ಪರೀಕ್ಷೆ ಆಗಬೇಕು. ಇಳಿಯದ ಬೀಜದ ಜೊತೆಗೆ ಮೂತ್ರದ ರಂಧ್ರವೂ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಆಗಲೂ ಹೆಚ್ಚಿನ ಪರೀಕ್ಷೆ ಬೇಕು.

ಗ್ರಹಣ, ಪರಂಗಿ ಹಣ್ಣಿನ ಮಾತನ್ನು ನಾನೇ ಕೇಳಿದೆ. ಅತ್ತೆ ಪಕ್ಕದಲ್ಲೇ ಇದ್ದರು. ಡಾಕ್ಟರ್ ಅತ್ತೆಯ ಕಡೆ ತಿರುಗಿ, "ಬೀಜ ಹುಟ್ಟೋದೇ ಕಿಡ್ನಿ ಹತ್ತಿರ ಅಮ್ಮ. ಬಸಿರಿನ ಕೊನೇ ಮೂರು ತಿಂಗಳಲ್ಲಿ ತೊಡೆಸಂದಿನಿಂದ ಇಳಿದು ಚೀಲಕ್ಕೆ ಬರುತ್ತೆ. ದಾರಿಯಲ್ಲಿ ನಿಂತರೆ ಅದು ಯಾರು ತಿಂದಿದ್ದರಿಂದಾನೂ ಅಲ್ಲ" ಅಂದರು. ಅತ್ತೆ ಏನೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಗುವನ್ನು ನನ್ನಿಂದ ಇಸ್ಕೊಂಡು ದಾರಿಯುದ್ದಕ್ಕೂ ತಮ್ಮ ಮಡಿಲಲ್ಲೇ ಮಲಗಿಸಿಕೊಂಡರು.

ಆಪರೇಷನ್‌ಗೆ ಅಡ್ಡ ನಿಂತವರು ಮಾವ. ಇಷ್ಟು ಸಣ್ಣ ಕೂಸಿಗೆ ಅರಿವಳಿಕೆ ಯಾಕೆ, ಐದಾರು ವರ್ಷ ಆಗಲಿ ಅನ್ನುವುದು ಅವರ ವಾದ. ಅವರ ಭಯ ಸುಳ್ಳಲ್ಲ, ನನಗೂ ಅದೇ ಭಯ ಇತ್ತು. ಆದರೆ ಮಾವ ನಲವತ್ತು ವರ್ಷದಿಂದ ರೇಷ್ಮೆ ಹುಳ ಮೇಯಿಸಿದವರು. ಹುಳುಮನೆಯ ಶಾಖ ಎಷ್ಟಿದೆ ಅಂತ ಗೋಡೆಯ ಮೇಲಿನ ಮೀಟರ್ ನೋಡದೆ ಹೇಳುತ್ತಾರೆ. ನಾನು ಕೇಳಿದೆ, "ಮಾವ, ನಾಲ್ಕನೇ ಜ್ವರ ಎದ್ದ ಹುಳಕ್ಕೆ ಎಷ್ಟು ಶಾಖ ಬೇಕು?" (ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ.) "ಇಪ್ಪತ್ನಾಲ್ಕು, ಇಪ್ಪತ್ತೈದು" ಅಂದರು. "ಚಾಕಿ ಹುಳದ ಮನೆ ಶಾಖದಲ್ಲೇ ಬಿಟ್ಟರೆ?" ಮಾವ ನನ್ನ ಮುಖ ನೋಡಿದರು. ಚಾಕಿ ಮನೆ ಅಂದರೆ ಮರಿ ಹುಳ ಸಾಕುವ ಮನೆ, ಅಲ್ಲಿ ಎರಡು ಮೂರು ಡಿಗ್ರಿ ಜಾಸ್ತಿ, ಅಷ್ಟೆ. ಆ ಎರಡು ಮೂರು ಡಿಗ್ರಿಗೆ ಒಂದು ಬೆಳೆಯೇ ಕೈತಪ್ಪುವುದನ್ನು ಅವರು ಕಂಡಿದ್ದಾರೆ. ಬೀಜದ ಚೀಲವೂ ಹೊಟ್ಟೆಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು. ಒಳಗಿನ ಶಾಖದಲ್ಲೇ ಉಳಿದ ಬೀಜದಲ್ಲಿ, ಮುಂದೆ ವೀರ್ಯಾಣು ಆಗಬೇಕಾದ ಮೂಲ ಜೀವಕೋಶಗಳು ಮೊದಲ ವರ್ಷದಲ್ಲೇ ಸರಿಯಾಗಿ ಬಲಿಯದೆ ಕಡಿಮೆಯಾಗುತ್ತಾ ಬರುತ್ತವೆ. ಐದಾರು ವರ್ಷ ಅಂದರೆ ಅಷ್ಟೂ ವರ್ಷದ ಶಾಖ. ಮಾವ ಎದ್ದು ಹುಳಕ್ಕೆ ಸೊಪ್ಪು ಹಾಕಲು ಹೋದರು. ರಾತ್ರಿ ಊಟಕ್ಕೆ ಕೂತಾಗ, "ತಾರೀಖು ತಗೊಳ್ರಪ್ಪ" ಅಂದರು.

ಕ್ಯಾನ್ಸರ್ ಮಾತನ್ನು ಮನೆಯಲ್ಲಿ ನಾನು ಎತ್ತಲಿಲ್ಲ, ಆದರೆ ಇಲ್ಲಿ ಬರೆಯಬೇಕು. ಇಳಿಯದ ಬೀಜಕ್ಕೆ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಸ್ವೀಡನ್‌ನಲ್ಲಿ ಆಪರೇಷನ್ ಆದ ಸುಮಾರು 17 ಸಾವಿರ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2007ರಲ್ಲಿ ಬಂತು. 13 ವರ್ಷದೊಳಗೆ ಆಪರೇಷನ್ ಆದವರಿಗೆ ಈ ಸಾಧ್ಯತೆ ಉಳಿದವರ ಎರಡು ಪಟ್ಟಿನಷ್ಟು, ಆಮೇಲೆ ಆದವರಿಗೆ ಐದು ಪಟ್ಟಿಗೂ ಹೆಚ್ಚು. ಪಟ್ಟು ದೊಡ್ಡದಾಗಿ ಕಂಡರೂ ಆ ಕ್ಯಾನ್ಸರೇ ಅಪರೂಪದ್ದು, ಹೆದರಿ ಕೂರಬೇಕಾಗಿಲ್ಲ. ಕೆಳಗೆ ತಂದ ಬೀಜವನ್ನು ದೊಡ್ಡವನಾದ ಮೇಲೆ ಅವನೇ ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳಬಹುದು. ಒಳಗೇ ಉಳಿದರೆ ಗಂಟು ಬೆಳೆದರೂ ಗೊತ್ತಾಗುವುದಿಲ್ಲ.

ಆಪರೇಷನ್ ದಿನದ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಆರು ಗಂಟೆ ಮುಂಚೆ ಊಟ, ನಾಲ್ಕು ಗಂಟೆ ಮುಂಚೆ ಎದೆಹಾಲು ನಿಲ್ಲಿಸಬೇಕಿತ್ತು. ಹಸಿದ ಮಗುವನ್ನು ಎತ್ತಿಕೊಂಡು ಓಡಾಡಿದ ಆ ಹೊತ್ತೇ ಕಷ್ಟದ್ದು. ಅರಿವಳಿಕೆ ಕೊಟ್ಟ ಮೇಲೆ ಮೈ ಪೂರ್ತಿ ಸಡಿಲವಾಗಿರುತ್ತದೆ, ಆಗ ಇನ್ನೊಮ್ಮೆ ಕೈಯಲ್ಲಿ ಮುಟ್ಟಿ ನೋಡಿಯೇ ಶುರು ಮಾಡುತ್ತಾರೆ. ತೊಡೆಸಂದಿನ ಮಡಿಕೆಯಲ್ಲಿ ಒಂದು ಸಣ್ಣ ಗೀರು. ಬೀಜದ ಜೊತೆ ಸಾಮಾನ್ಯವಾಗಿ ಹರ್ನಿಯಾದ ತೆಳ್ಳನೆ ಚೀಲ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸಿ ಕಟ್ಟುತ್ತಾರೆ. ರಕ್ತನಾಳದ ಹುರಿಯನ್ನು ಸುತ್ತಲಿನ ಎಳೆಗಳಿಂದ ಬಿಡಿಸಿದರೆ ಉದ್ದ ಸಿಗುತ್ತದೆ. ಕೆಳಗೆ ಚೀಲದ ಚರ್ಮದಡಿ ಒಂದು ಜೇಬು ಮಾಡಿ ಅಲ್ಲಿ ಕೂರಿಸುತ್ತಾರೆ. ನಮ್ಮವನಿಗೆ ಒಂದು ಗಂಟೆಯಾಯಿತು. ಸಂಜೆಗೆ ಮನೆಗೆ ಕಳಿಸಿದರು. ಹೊಲಿಗೆ ತಾನೇ ಕರಗಿತು. ಎರಡು ವಾರ ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳಬೇಡಿ ಅಂದಿದ್ದರು, ಅತ್ತೆ ನಾಲ್ಕು ವಾರ ಯಾರಿಗೂ ಹಾಗೆ ಎತ್ತಲು ಬಿಡಲಿಲ್ಲ. ಕೆಳಗೆ ತಂದ ಮೇಲೂ ಅಪರೂಪಕ್ಕೆ ಬೀಜ ಮತ್ತೆ ಮೇಲೆ ಹೋಗಬಹುದು, ರಕ್ತ ಸಾಲದೆ ಸೊರಗಬಹುದು. ಅದಕ್ಕೇ ತಪಾಸಣೆಗೆ ಹೋಗುತ್ತಲೇ ಇರಬೇಕು. ಮಗನಿಗೆ ಈಗ ಐದು ವರ್ಷ. ಎರಡೂ ಸಮನಾಗಿವೆ.

ಅವನ ಹೆಸರು ಇಲ್ಲಿ ಬರೆದಿಲ್ಲ. ದೊಡ್ಡವನಾದ ಮೇಲೆ ಹೇಳುವುದೋ ಬಿಡುವುದೋ ಅವನಿಗೆ ಸೇರಿದ್ದು.

ಕಳೆದ ದಸರಾ ರಜೆಯಲ್ಲಿ ತವರಿಗೆ ಹೋಗಿದ್ದೆ. ಅಜ್ಜಿಗೆ ಈಗ ಬಗ್ಗಿ ಕೂರುವುದು ಕಷ್ಟ, ಆದರೂ ಕರೆದರೆ ಹೋಗುತ್ತಾಳೆ. ಆ ಬೆಳಿಗ್ಗೆ ಎದುರುಮನೆ ಸೊಸೆಯ ಮಗುವಿಗೆ ನೀರು ಹಾಕುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ಮೂರು ತಿಂಗಳ ಗಂಡುಮಗು. ಅಜ್ಜಿಯ ಕೈ ತೊಡೆಸಂದಿಗೆ ಬಂದು ಎಡಗಡೆ ನಿಂತಿತು. ಇನ್ನೊಂದು ಚೊಂಬು ಬಿಸಿನೀರು ಹಾಕಿ, ಮತ್ತೆ ನೋಡಿದಳು. ಆಮೇಲೆ ಟವೆಲ್ ಹಿಡಿದು ನಿಂತಿದ್ದ ಹುಡುಗಿಗೆ, ಮಗುವಿಗೆ ಯಾವಾಗ ಊಟ ಶುರು ಅಂತ ಕೇಳುವ ಮಾಮೂಲು ದನಿಯಲ್ಲೇ ಹೇಳಿದಳು: "ನೋಡಮ್ಮ, ಎಡಗಡೆ ಬೀಜ ಇನ್ನೂ ಇಳಿದಿಲ್ಲ. ಹೆದರ್ಕೋಬೇಡ, ತಿಕ್ಕೋದು ಗಿಕ್ಕೋದು ಮಾಡ್ಬೇಡ. ರಾಗಿ ಸರಿ ತಿನ್ಸೋ ಹೊತ್ಗೆ ಇಳೀಲಿಲ್ಲ ಅಂದ್ರೆ ನನ್ನ ಮೊಮ್ಮಗಳು ಯಾವ ಡಾಕ್ಟರ್ ಅಂತ ಹೇಳ್ತಾಳೆ." ಹುಡುಗಿ ನನ್ನ ಕಡೆ ನೋಡಿದಳು. ಒಳಗಿನಿಂದ ನಮ್ಮಮ್ಮ ಸಾಂಬ್ರಾಣಿ ಕೆಂಡ ತಂದಳು. ಈ ಸಲ ಯಾರನ್ನೂ ಗದರಲಿಲ್ಲ.